ನಡುವಯಸ್ಸಿನ ದೂರದ ಓಟ: ಸಕಲೇಶಪುರ, ಆಲೂರು ಬೆಟ್ಟಸೀಮೆಯನ್ನು ಕುರಿತು ಒಂದು ವಿವೇಚನೆ

ಮನುಷ್ಯನ ದೇಹಬಲವು ಮೂವತ್ತರ ಸುಮಾರಿಗೆ ತನ್ನ ಪರಮಾವಧಿಯನ್ನು ಮುಟ್ಟಿ ಅಲ್ಲಿಂದ ಮುಂದೆ ಇಳಿಮುಖವಾಗುತ್ತದೆಂಬುದು ಎಲ್ಲರೂ ಬಲ್ಲ ಮಾತು. ನಲವತ್ತೈದನೆಯ ವಯಸ್ಸಿನಲ್ಲಿ ಓಡಲು ತೊಡಗಿದವನು ಐವತ್ತನ್ನು ಮುಟ್ಟುವ ಹೊತ್ತಿಗೆ ಮೊದಲಿಗಿಂತ ಹೆಚ್ಚು ದೂರವನ್ನು ಹೆಚ್ಚು ವೇಗದಿಂದ ಕ್ರಮಿಸಬಲ್ಲನೆಂಬುದೂ ಅಷ್ಟೇ ನಿಜವಾದ ಮಾತು. ಮೇಲುನೋಟಕ್ಕೆ ಇವೆರಡೂ ಒಂದಕ್ಕೊಂದು ವಿರುದ್ಧವಾಗಿ ತೋರುತ್ತವೆ. ಇವು ಏಕಕಾಲದಲ್ಲಿ ಹೇಗೆ ನಿಜವಾಗಬಲ್ಲವು, ಸಕಲೇಶಪುರ ಮತ್ತು ಆಲೂರು ತಾಲ್ಲೂಕುಗಳ ಬೆಟ್ಟಸೀಮೆಯಲ್ಲಿ ಓಡುವವನಿಗೆ ಅಲ್ಲಿಯ ನೆಲವೂ ಮಳೆಯೂ ಕಾಡೂ ಒಡ್ಡುವ ಅನುಕೂಲ ಪ್ರತಿಕೂಲಗಳಾವುವು ಎಂಬುದನ್ನು ವಿಚಾರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಈ ವಿಚಾರವು ಕೇವಲ ಕುತೂಹಲದ್ದಲ್ಲ. ೨೦೨೫ರ ಜೂನ್ ಮತ್ತು ಜುಲೈ ತಿಂಗಳುಗಳಲ್ಲಿ ಹಾಸನ ಜಿಲ್ಲೆಯಿಂದ ಹೃದಯಾಘಾತದ ಮರಣಗಳ ವಾರ್ತೆ ಒಂದರ ಹಿಂದೊಂದರಂತೆ ಬಂದದ್ದು ವಾಚಕರ ನೆನಪಿನಲ್ಲಿರಬಹುದು. ಸತ್ತವರಲ್ಲಿ ಹಲವರು ನಡುವಯಸ್ಸಿನವರು, ಕೆಲವರು ಇನ್ನೂ ಎಳೆಯರು. ಜನ ಗಾಬರಿಗೊಂಡು ಮೈಸೂರು, ಬೆಂಗಳೂರುಗಳ ಜಯದೇವ ಹೃದ್ರೋಗ ಸಂಸ್ಥೆಯ ಮುಂದೆ ಸಾಲುಗಟ್ಟಿದರು. ಸರ್ಕಾರವು ತಜ್ಞರ ಸಮಿತಿಯೊಂದನ್ನು ನೇಮಿಸಿತು. ಮರಣಗಳ ಸಂಖ್ಯೆಯಲ್ಲಿ ಅಸಾಧಾರಣವಾದ ಏರಿಕೆ ಕಂಡುಬರಲಿಲ್ಲವೆಂದೂ, ಸಿಹಿಮೂತ್ರ, ರಕ್ತದ ಒತ್ತಡ, ಹೊಗೆಸೊಪ್ಪು ಮೊದಲಾದ ಹಳೆಯ ಕಾರಣಗಳೇ ಇಲ್ಲಿಯೂ ಇವೆಯೆಂದೂ ಸಮಿತಿ ತಿಳಿಸಿತು. ಆ ತಿಂಗಳುಗಳಲ್ಲಿ ನನಗೆ ಪರಿಚಿತರಾದ ಇಬ್ಬರು ಅಧ್ಯಾಪಕರು ಓಡುವುದನ್ನು ಬಿಟ್ಟರು. ಮತ್ತಿಬ್ಬರು ಅದೇ ಭಯದಿಂದ ಓಡಲು ತೊಡಗಿದರು. ಯಾರ ನಿರ್ಣಯ ಸರಿ ಎಂಬ ಪ್ರಶ್ನೆಯೇ ಈ ಲೇಖನಕ್ಕೆ ಮೂಲ.

ಓಟಗಾರನ ಶಕ್ತಿಯನ್ನು ಅಳೆಯುವ ಮುಖ್ಯವಾದ ಮಾನವೆಂದರೆ ಗರಿಷ್ಠ ಆಮ್ಲಜನಕ ಗ್ರಹಣ, ಅಂದರೆ ಒಂದು ನಿಮಿಷದಲ್ಲಿ ದೇಹವು ಗಾಳಿಯಿಂದ ಹೀರಿ ಸ್ನಾಯುಗಳಲ್ಲಿ ವ್ಯಯಿಸಬಲ್ಲ ಆಮ್ಲಜನಕದ ಅತ್ಯಧಿಕ ಪ್ರಮಾಣ. ಈ ಕಲ್ಪನೆಗೆ ತಳಹದಿ ಹಾಕಿದವರು ಇಂಗ್ಲೆಂಡಿನ ಎ. ವಿ. ಹಿಲ್ ಮತ್ತು ಅವರ ಸಹೋದ್ಯೋಗಿಗಳು. ಕಾಲ ೧೯೨೦ರ ದಶಕ. ಇದಕ್ಕೂ ವಯಸ್ಸಿಗೂ ಇರುವ ಸಂಬಂಧವನ್ನು ಮೊದಲು ಕ್ರಮವಾಗಿ ಅಳೆದವರು ಹಾರ್ವರ್ಡಿನ ಪ್ರಯೋಗಶಾಲೆಯಲ್ಲಿದ್ದ ಸಿಡ್ ರಾಬಿನ್ಸನ್. ಆರು ವರ್ಷದ ಹುಡುಗನಿಂದ ತೊಂಬತ್ತು ದಾಟಿದ ವೃದ್ಧನವರೆಗಿನ ಗಂಡಸರನ್ನು ಪರೀಕ್ಷಿಸಿ ೧೯೩೮ರಲ್ಲಿ ಅವರು ಪ್ರಕಟಿಸಿದ ವರದಿಯಲ್ಲಿ ಇಳಿತದ ರೇಖೆ ಸ್ಪಷ್ಟವಾಗಿ ಕಾಣುತ್ತದೆ. ಕುಳಿತು ಬಾಳುವವರಲ್ಲಿ ಹತ್ತು ವರ್ಷಕ್ಕೆ ನೂರಕ್ಕೆ ಹತ್ತರಷ್ಟು ಇಳಿತವೆಂಬುದು ಈಗ ಸಾಮಾನ್ಯವಾಗಿ ಒಪ್ಪಿರುವ ಲೆಕ್ಕ.

ಆದರೆ ಈ ಹತ್ತರಲ್ಲಿ ವಯಸ್ಸಿನ ಪಾಲೆಷ್ಟು, ಸೋಮಾರಿತನದ ಪಾಲೆಷ್ಟು? ಇದಕ್ಕೆ ಉತ್ತರ ದೊರೆತದ್ದು ಅಮೆರಿಕದ ಡಲ್ಲಾಸ್ ನಗರದಲ್ಲಿ. ೧೯೬೬ರಲ್ಲಿ ಇಪ್ಪತ್ತು ವರ್ಷದ ಐವರು ತರುಣರನ್ನು ಮೂರು ವಾರ ಹಾಸಿಗೆ ಬಿಟ್ಟೇಳದಂತೆ ಮಲಗಿಸಿದರು. ನಿಮಿಷಕ್ಕೆ ೩.೩ ಲೀಟರಿನಷ್ಟಿದ್ದ ಅವರ ಆಮ್ಲಜನಕ ಗ್ರಹಣ ಸುಮಾರು ೨.೪ ಲೀಟರಿಗೆ ಕುಸಿಯಿತು. ಮೂವತ್ತು ವರ್ಷಗಳ ತರುವಾಯ, ೧೯೯೬ರಲ್ಲಿ, ಅದೇ ಐವರನ್ನು ಹುಡುಕಿ ತಂದು ಅಳೆದಾಗ ಅದು ೨.೯ ಲೀಟರು ಇತ್ತು! ಮೂವತ್ತು ವರ್ಷದ ಮುಪ್ಪಿಗಿಂತ ಮೂರು ವಾರದ ಹಾಸಿಗೆಯೇ ಹೆಚ್ಚು ಕೇಡು ಮಾಡಿತ್ತು. ಅಷ್ಟೇ ಅಲ್ಲ, ಐವತ್ತು ದಾಟಿದ ಆ ಐವರಿಗೆ ಆರು ತಿಂಗಳು ನಡಿಗೆ, ಓಟ, ಸೈಕಲ್ಲುಗಳ ಅಭ್ಯಾಸವನ್ನು ಮಾಡಿಸಲು, ಅವರು ತಮ್ಮ ಇಪ್ಪತ್ತನೆಯ ವಯಸ್ಸಿನ ಮೂಲ ಮಟ್ಟಕ್ಕೆ ಮರಳಿದರು. ಇಲ್ಲಿ ಗಮನಿಸತಕ್ಕ ಸೂಕ್ಷ್ಮವೊಂದುಂಟು: ಈ ಲಾಭ ಬಂದದ್ದು ಹೃದಯವು ಹೆಚ್ಚು ರಕ್ತವನ್ನು ನೂಕಿದ್ದರಿಂದಲ್ಲ, ಬಂದ ರಕ್ತದಿಂದ ಸ್ನಾಯುಗಳು ಹೆಚ್ಚು ಆಮ್ಲಜನಕವನ್ನು ಸೆಳೆದುಕೊಳ್ಳಲು ಕಲಿತದ್ದರಿಂದ. ನಡುವಯಸ್ಸಿನಲ್ಲಿ ಕಾಲಿನ ಸ್ನಾಯುಗಳು ಹೃದಯಕ್ಕಿಂತ ಚುರುಕಾದ ವಿದ್ಯಾರ್ಥಿಗಳು ಎನ್ನಬಹುದು.

ಹೀಗೆ ಎರಡು ರೇಖೆಗಳು ಏರ್ಪಟ್ಟವು. ಒಂದು ವಯಸ್ಸಿನೊಡನೆ ಮೆಲ್ಲಗೆ ಇಳಿಯುವುದು. ಇನ್ನೊಂದು ಅಭ್ಯಾಸದೊಡನೆ ಬೇಗ ಏರುವುದು. ಹುಟ್ಟಿನಿಂದ ಓಡುತ್ತ ಬಂದವನಿಗೆ ಎರಡನೆಯ ರೇಖೆ ಮುಗಿದುಹೋಗಿರುತ್ತದೆ. ಅವನಿಗೆ ಉಳಿದದ್ದು ಇಳಿತವೊಂದೇ. ತಡವಾಗಿ ತೊಡಗಿದವನಿಗಾದರೋ ಕೆಲವು ವರ್ಷಗಳವರೆಗೆ ಏರಿಕೆಯು ಇಳಿತವನ್ನು ಮೀರಿಸುತ್ತದೆ. ಈ ಭಾಗ್ಯಕ್ಕೆ ಕೊನೆಯೂ ಇದೆ. ಮೈಕೇಲ್ ಪೊಲಾಕ್ ಎಂಬ ಸಂಶೋಧಕರು ವಯಸ್ಸಾದ ಓಟಗಾರರನ್ನು ಹತ್ತು ವರ್ಷ ಬೆನ್ನುಹತ್ತಿ ೧೯೮೭ರಲ್ಲಿ ಕಂಡದ್ದೇನೆಂದರೆ, ಅಭ್ಯಾಸದ ತೀವ್ರತೆಯನ್ನು ಬಿಡದವರು ತಮ್ಮ ಶಕ್ತಿಯನ್ನು ಹೆಚ್ಚುಕಡಿಮೆ ಉಳಿಸಿಕೊಂಡಿದ್ದರು, ದೂರವನ್ನು ಬಿಡದೆ ವೇಗವನ್ನು ಮಾತ್ರ ಬಿಟ್ಟವರು ಕಳೆದುಕೊಂಡಿದ್ದರು. ಇನ್ನೂ ಹತ್ತು ವರ್ಷ ಕಳೆದಾಗ ಎಲ್ಲರೂ ಇಳಿದಿದ್ದರು.

ಬೆಟ್ಟದ ಓಟಕ್ಕೂ ನಡುವಯಸ್ಸಿಗೂ ಇರುವ ನಂಟನ್ನು ತೋರಿಸಲು ನ್ಯೂಜಿಲೆಂಡಿನಷ್ಟು ಒಳ್ಳೆಯ ಉದಾಹರಣೆ ಬೇರೊಂದಿಲ್ಲ. ಆಕ್ಲೆಂಡಿನ ಪಶ್ಚಿಮದ ಗುಡ್ಡಗಳಲ್ಲಿ ತನ್ನ ಶಿಷ್ಯರನ್ನು ವಾರಕ್ಕೊಮ್ಮೆ ೨೨ ಮೈಲಿ ಓಡಿಸುತ್ತಿದ್ದ ಆರ್ಥರ್ ಲಿಡಿಯಾರ್ಡ್, ೧೯೬೦ರ ರೋಮ್ ಒಲಿಂಪಿಕ್ಸಿನಲ್ಲಿ ಪೀಟರ್ ಸ್ನೆಲ್, ಮರ್ರೆ ಹಾಲ್ಬರ್ಗ್ ಎಂಬ ಇಬ್ಬರಿಗೆ ಚಿನ್ನದ ಪದಕ ದೊರಕಿಸಿದ ಗುರು. ಅದಾದ ಮೇಲೆ ಆತ ಮಾಡಿದ ಕೆಲಸ ಇನ್ನೂ ದೊಡ್ಡದೆಂದು ನನ್ನ ಎಣಿಕೆ: ಹೃದ್ರೋಗಿಗಳೂ ಸೇರಿದಂತೆ ಊರಿನ ನಡುವಯಸ್ಕರನ್ನು ಕೂಡಿಸಿ ನಿಧಾನವಾಗಿ ಓಡುವ ಕೂಟವನ್ನು ಕಟ್ಟಿದ. ಅಮೆರಿಕದ ಹೆಸರಾಂತ ಶಿಕ್ಷಕ ಬಿಲ್ ಬವರ್‌ಮನ್ ಅಲ್ಲಿಗೆ ಹೋದಾಗ ಐವತ್ತು ದಾಟಿದ್ದರು. ಆ ಕೂಟದೊಡನೆ ಗುಡ್ಡ ಹತ್ತಲು ಹೋಗಿ, ಎಪ್ಪತ್ತು ಮೀರಿದ ಮುದುಕನೊಬ್ಬನ ಜೊತೆಗೆ ಹಿಂದುಳಿದು ಏದುಸಿರುಬಿಟ್ಟದ್ದನ್ನು ಅವರೇ ಹೇಳಿಕೊಂಡಿದ್ದಾರೆ. ಅದೇ ದೇಶದ ಜಾಕ್ ಫಾಸ್ಟರ್ ಓಡಲು ತೊಡಗಿದ್ದು ಮೂವತ್ತೆರಡನೆಯ ವಯಸ್ಸಿನಲ್ಲಿ. ರೋಟೊರುವಾದ ಸುತ್ತಣ ಕುರಿಗಾವಲಿನ ಗುಡ್ಡಗಳೇ ಆತನ ಮೈದಾನ. ನಲವತ್ತರಲ್ಲಿ ಮ್ಯೂನಿಕ್ ಒಲಿಂಪಿಕ್ಸಿನ ಮ್ಯಾರಥಾನಿನಲ್ಲಿ ಎಂಟನೆಯವನು. ನಲವತ್ತೊಂದರಲ್ಲಿ, ೧೯೭೪ರ ಕಾಮನ್‌ವೆಲ್ತ್ ಕ್ರೀಡೆಗಳಲ್ಲಿ, ೨ ಗಂಟೆ ೧೧ ನಿಮಿಷ ೧೯ ಸೆಕೆಂಡುಗಳಿಗೆ ಎರಡನೆಯವನು. ಕೆನಡಾದ ಎಡ್ ವಿಟ್ಲಾಕ್ ತಾರುಣ್ಯದಲ್ಲಿ ಬಿಟ್ಟ ಓಟವನ್ನು ನಲವತ್ತು ದಾಟಿದ ಮೇಲೆ ಮತ್ತೆ ಹಿಡಿದು, ೨೦೦೪ರಲ್ಲಿ ಎಪ್ಪತ್ತಮೂರನೆಯ ವಯಸ್ಸಿನಲ್ಲಿ ಮ್ಯಾರಥಾನನ್ನು ೨ ಗಂಟೆ ೫೪ ನಿಮಿಷ ೪೮ ಸೆಕೆಂಡುಗಳಲ್ಲಿ ಮುಗಿಸಿದ. ಹೆಂಗಸರಲ್ಲಿ, ರುಮೇನಿಯಾದ ಕಾನ್‌ಸ್ಟಾಂಟಿನಾ ದಿತಾ ೨೦೦೮ರ ಒಲಿಂಪಿಕ್ ಮ್ಯಾರಥಾನನ್ನು ಗೆದ್ದಾಗ ಆಕೆಗೆ ಮೂವತ್ತೆಂಟು.

ನಮ್ಮ ನಾಡಿಗೂ ದೂರದ ಓಟ ಹೊಸದಲ್ಲ. ಮೈಸೂರು ಸಂಸ್ಥಾನದ ಅಂಚೆಯು ೧೮೮೯ರಲ್ಲಿ ಬ್ರಿಟಿಷ್ ಅಂಚೆಯೊಡನೆ ಸೇರುವವರೆಗೂ ಕಾಗದದ ಚೀಲವನ್ನು ಹೊತ್ತು ಹಾದಿ ಸವೆಸುತ್ತಿದ್ದವರು ಹರಿಕಾರರು. ಬೆಳಗಾವಿಯ ಫಡೆಪ್ಪ ಚೌಗುಲೆ ೧೯೨೦ರ ಆಂಟ್‌ವರ್ಪ್ ಒಲಿಂಪಿಕ್ಸಿನಲ್ಲಿ, ಈಗಿನದಕ್ಕಿಂತ ಅರ್ಧ ಕಿಲೋಮೀಟರಿಗೂ ಹೆಚ್ಚು ಉದ್ದವಾಗಿದ್ದ ಮ್ಯಾರಥಾನನ್ನು ೨ ಗಂಟೆ ೫೦ ನಿಮಿಷಗಳಲ್ಲಿ ಓಡಿ ಹತ್ತೊಂಬತ್ತನೆಯ ಸ್ಥಾನ ಪಡೆದರು. ಈಚೆಗೆ, ೨೦೦೮ರಿಂದ ಬೆಂಗಳೂರಿನಲ್ಲಿ ನಡೆಯುತ್ತಿರುವ ಹತ್ತು ಕಿಲೋಮೀಟರ್ ಓಟವೂ, ನೆರೆಯ ಚಿಕ್ಕಮಗಳೂರು ಜಿಲ್ಲೆಯ ಕಾಫಿ ತೋಟಗಳ ನಡುವಣ ಐವತ್ತು ಕಿಲೋಮೀಟರಿಗೂ ಮೀರಿದ ಓಟಗಳೂ ಸಾಮಾನ್ಯ ಗೃಹಸ್ಥರನ್ನು ಓಟಕ್ಕೆ ಎಳೆದಿವೆ.

ಇನ್ನು ನಮ್ಮ ಬೆಟ್ಟಸೀಮೆಗೆ ಬರೋಣ. ಮೊದಲು ಒಂದು ತಪ್ಪು ತಿಳಿವಳಿಕೆಯನ್ನು ತೆಗೆದುಹಾಕಬೇಕು. ಸಕಲೇಶಪುರವು ಸಮುದ್ರಮಟ್ಟದಿಂದ ಸುಮಾರು ೯೫೦ ಮೀಟರು ಎತ್ತರದಲ್ಲಿರುವುದರಿಂದ ಅಲ್ಲಿಯ ತೆಳುಗಾಳಿ ಕೀನ್ಯಾ ದೇಶದವರಿಗೆ ಆಗುವಂತೆ ರಕ್ತವನ್ನು ಗಟ್ಟಿಗೊಳಿಸುತ್ತದೆಂದು ಕೆಲವರು ನಂಬಿದ್ದಾರೆ. ಕೀನ್ಯಾದ ಓಟಗಾರರ ಇಟೆನ್ ಊರು ಸುಮಾರು ೨೪೦೦ ಮೀಟರು ಎತ್ತರದಲ್ಲಿದೆ. ನಮ್ಮ ಎತ್ತರದಲ್ಲಿ ವಾಯುವಿನ ಒತ್ತಡವು ಕಡಲ ತೀರದಲ್ಲಿರುವುದಕ್ಕಿಂತ ನೂರಕ್ಕೆ ಹತ್ತರಷ್ಟು ಮಾತ್ರ ಕಡಮೆ. ಕೆಂಪು ರಕ್ತಕಣಗಳನ್ನು ಹೆಚ್ಚಿಸಲು ಇಷ್ಟು ಸಾಲದು. ಈ ಸೀಮೆಯ ಉಪಕಾರವಿರುವುದು ತಂಪಿನಲ್ಲಿ, ನೆರಳಿನಲ್ಲಿ, ಅದಕ್ಕಿಂತ ಮಿಗಿಲಾಗಿ ನೆಲದ ಏರಿಳಿತದಲ್ಲಿ.

ಸಮನೆಲದ ಮೇಲೆ ಓಡುವಾಗ ಒಂದು ಕಿಲೋಗ್ರಾಂ ತೂಕವನ್ನು ಒಂದು ಕಿಲೋಮೀಟರು ಒಯ್ಯಲು, ವೇಗವೆಷ್ಟೇ ಇರಲಿ, ಸುಮಾರು ಒಂದು ಕಿಲೋಕ್ಯಾಲರಿ ಬೇಕೆಂದು ಇಟಲಿಯ ಮಾರ್ಗಾರಿಯಾ ಮತ್ತು ಸಂಗಡಿಗರು ೧೯೬೩ರಲ್ಲಿ ತೋರಿಸಿದರು. ೬೦ ಕಿಲೋ ತೂಕದವನಿಗೆ ೧೦ ಕಿಲೋಮೀಟರಿಗೆ ೬೦೦ ಕಿಲೋಕ್ಯಾಲರಿ. ಇಳಿಜಾರಿನ ಲೆಕ್ಕವನ್ನು ೨೦೦೨ರಲ್ಲಿ ಮಿನೆಟ್ಟಿ ಎಂಬವರು ವಿಸ್ತರಿಸಿದರು. ಅವರ ಸೂತ್ರದಂತೆ ೧೦ ಅಡಿಗೆ ೧ ಅಡಿ ಏರುವ ದಾರಿಯಲ್ಲಿ ವೆಚ್ಚವು ಸಮನೆಲದ ಒಂದೂವರೆಪಟ್ಟಿಗೂ ಮೀರುತ್ತದೆ. ಅದೇ ದಾರಿಯನ್ನು ಇಳಿಯುವಾಗ ಐದರಲ್ಲಿ ಮೂರು ಪಾಲು ಸಾಕು. ಕೂಡಿಸಿ ನೋಡಿದರೆ ಏರಿದಾಗ ಕೊಟ್ಟದ್ದೆಲ್ಲ ಇಳಿದಾಗ ಹಿಂದಕ್ಕೆ ಬರುವುದಿಲ್ಲ. ನೂರಕ್ಕೆ ಹನ್ನೆರಡು ಹದಿಮೂರರಷ್ಟು ನಷ್ಟ ಉಳಿಯುತ್ತದೆ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡಿಗೆ ಇಳಿಯುವ ರೈಲುದಾರಿಯ ಕಡಿದು ೫೦ಕ್ಕೆ ೧. ರೈಲಿಗೆ ಅದು ಘಾಟಿ; ಓಟಗಾರನಿಗೆ ನೂರಕ್ಕೆ ಹತ್ತು ಹನ್ನೊಂದರಷ್ಟು ಹೆಚ್ಚಿನ ದುಡಿಮೆ, ಅಷ್ಟೆ. (ಆ ಹಳಿಗಳ ಮೇಲೆ ನಡೆಯುವುದೂ ಓಡುವುದೂ ಅಪರಾಧವೆಂಬುದನ್ನು ವಿದ್ಯಾರ್ಥಿಗಳಿಗೆ ಬೇರೆ ಹೇಳಬೇಕಾಗಿಲ್ಲವೆಂದು ಭಾವಿಸುತ್ತೇನೆ.)

ಆದಕಾರಣ ಬೆಟ್ಟದಲ್ಲಿ ಗಡಿಯಾರವನ್ನು ನೋಡಿಕೊಂಡು ಓಡುವವನು ಕೆಡುತ್ತಾನೆ. ಉಸಿರನ್ನೋ ನಾಡಿಯನ್ನೋ ನೋಡಿಕೊಂಡು ಓಡತಕ್ಕದ್ದು. ವಯಸ್ಸಾದಂತೆ ನಾಡಿಯ ಗರಿಷ್ಠ ಬಡಿತ ಇಳಿಯುತ್ತದೆ. ಅದನ್ನು ಕಂಡುಹಿಡಿಯಲು ೨೨೦ರಿಂದ ವಯಸ್ಸನ್ನು ಕಳೆಯುವ ಹಳೆಯ ವಾಡಿಕೆಗಿಂತ, ವಯಸ್ಸಿನ ಹತ್ತನೆಯ ಏಳು ಪಾಲನ್ನು ೨೦೮ರಿಂದ ಕಳೆಯುವುದು ಹೆಚ್ಚು ಸರಿಯೆಂದು ೨೦೦೧ರಲ್ಲಿ ತನಾಕ ಮತ್ತು ಸಂಗಡಿಗರು ತೋರಿಸಿದರು. ಐವತ್ತು ವರ್ಷದವನಿಗೆ ಇದು ೧೭೩. ಇದೂ ಸರಾಸರಿಯೇ, ಒಬ್ಬೊಬ್ಬನಲ್ಲಿ ಹತ್ತು ಬಡಿತ ಆಚೀಚೆ ಆಗಬಹುದು. ಇದಕ್ಕಿಂತ ಸುಲಭವಾದ ಪರೀಕ್ಷೆಯೆಂದರೆ ಮಾತು. ಪಕ್ಕದವನೊಡನೆ ಪೂರ್ಣ ವಾಕ್ಯಗಳಲ್ಲಿ ಮಾತನಾಡಲು ಆಗುವವರೆಗೆ ಅದು ಸುಲಭದ ಓಟ; ಎರಡು ಮೂರು ಪದಗಳಿಗೆ ಉಸಿರು ಮುಗಿದರೆ ಕಠಿನದ ಓಟ. ನುರಿತ ಓಟಗಾರರ ದಿನಚರಿಗಳನ್ನು ನೋಡಿದರೆ ಐದರಲ್ಲಿ ನಾಲ್ಕು ಪಾಲು ಮೊದಲನೆಯ ಬಗೆಯದೇ ಆಗಿರುತ್ತದೆ. ನಮ್ಮವರು ಮಾಡುವ ತಪ್ಪು ಇದಕ್ಕೆ ತಿರುಗುಮುರುಗು. ಪ್ರತಿದಿನವೂ ಅರೆಕಠಿನವಾಗಿ ಓಡಿ, ಸುಲಭದ ದಿನದ ವಿಶ್ರಾಂತಿಯನ್ನೂ ಕಠಿನ ದಿನದ ಲಾಭವನ್ನೂ ಎರಡನ್ನೂ ಕಳೆದುಕೊಳ್ಳುತ್ತಾರೆ.

ಏರಿನ ವಿಶೇಷ ಲಾಭವೇನು? ವಯಸ್ಸಾದ ಓಟಗಾರನ ಹೆಜ್ಜೆ ಕಿರಿದಾಗುತ್ತದೆ. ಕಾರಣ, ನೆಲವನ್ನು ಹಿಂದಕ್ಕೆ ತಳ್ಳುವ ಮೀನಖಂಡದ ಬಲ ತೊಡೆಯ ಬಲಕ್ಕಿಂತ ಮುಂಚೆ ಕುಗ್ಗುತ್ತದೆ. ಏರನ್ನು ಓಡಿ ಹತ್ತುವಾಗ ಆ ಮೀನಖಂಡವೇ ದುಡಿಯಬೇಕು. ೧೫ಕ್ಕೋ ೨೦ಕ್ಕೋ ಒಂದರಂತೆ ಏರುವ ತೋಟದ ದಾರಿಯಲ್ಲಿ ಒಂದು ನಿಮಿಷ ಓಡಿ ಹತ್ತಿ, ನಡೆದು ಇಳಿದು, ಮತ್ತೆ ಹತ್ತಿ, ಹೀಗೆ ಆರೇಳು ಸಲ ಮಾಡುವುದು ವಾರಕ್ಕೊಮ್ಮೆ ಸಾಕು. ಹೃದಯಕ್ಕೆ ತೀವ್ರವಾದ ಕೆಲಸ ದೊರೆಯುತ್ತದೆ. ವೇಗ ಕಡಮೆಯಾದ್ದರಿಂದ ಕಾಲಿಗೆ ಬೀಳುವ ಪೆಟ್ಟು ಸಮನೆಲದ ಬಿರುಓಟಕ್ಕಿಂತ ಹಗುರ. ತೀರ ಕಡಿದಾದ ಕಡೆ ನಡೆಯುವುದರಲ್ಲಿ ನಾಚಿಕೆ ಬೇಡ.

ಇಳಿತದ ಮಾತು ಬೇರೆ. ಇಳಿಯುವಾಗ ತೊಡೆಯ ಮುಂಭಾಗದ ಸ್ನಾಯು ಬಿಗಿಹಿಡಿದುಕೊಂಡೇ ಉದ್ದವಾಗಬೇಕಾಗುತ್ತದೆ. ಇದರಿಂದ ಅದರ ಎಳೆಗಳಲ್ಲಿ ಸಣ್ಣ ಬಿರುಕುಗಳುಂಟಾಗಿ ಒಂದೆರಡು ದಿನ ಕಳೆದ ಮೇಲೆ ನೋವು ಕಾಣಿಸುತ್ತದೆ. ನಾನು ನಲವತ್ತನಾಲ್ಕನೆಯ ವಯಸ್ಸಿನಲ್ಲಿ, ಹತ್ತುವಾಗ ಸುಲಭವೆನಿಸಿದ್ದರಿಂದ ಹುರುಪುಗೊಂಡು, ಹೆತ್ತೂರಿನ ಕಡೆಯ ಇಳಿಜಾರೊಂದನ್ನು ನಾಲ್ಕು ಕಿಲೋಮೀಟರು ಒಂದೇ ಸಮನೆ ಓಡಿ ಇಳಿದೆ. ಮೂರನೆಯ ದಿನ ಪಾಠ ಮುಗಿಸಿ ಮಹಡಿಯಿಂದ ಇಳಿಯಲಾರದೆ ಕಟಕಟೆಯನ್ನು ಹಿಡಿದು ಹಿಮ್ಮುಖವಾಗಿ ಇಳಿಯಬೇಕಾಯಿತು; ವಿದ್ಯಾರ್ಥಿಗಳು ಮರೆಯಲ್ಲಿ ನಕ್ಕರು. ಎರಡು ವಾರ ಬಿಟ್ಟು ಅದೇ ಇಳಿಜಾರನ್ನು ಇಳಿದಾಗ ನೋವು ಹೆಸರಿಗೆ ಮಾತ್ರ. ಸ್ನಾಯುವು ಒಮ್ಮೆ ಪೆಟ್ಟು ತಿಂದರೆ ಕೆಲವು ವಾರಗಳವರೆಗೆ ಅದರಿಂದ ರಕ್ಷಣೆ ಪಡೆಯುತ್ತದೆಂಬುದು ಪ್ರಯೋಗಗಳಿಂದ ಸಿದ್ಧವಾದ ಸಂಗತಿ. ಆದ್ದರಿಂದ ಇಳಿತವನ್ನು ಸ್ವಲ್ಪಸ್ವಲ್ಪವಾಗಿ, ಆದರೆ ಬಿಡದೆ, ರೂಢಿಸಿಕೊಳ್ಳತಕ್ಕದ್ದು. ಸ್ನಾಯುರಜ್ಜುಗಳ ವಿಷಯದಲ್ಲಿ ಈ ಔದಾರ್ಯವಿಲ್ಲ. ಹೃದಯವೂ ರಕ್ತವೂ ವಾರಗಳಲ್ಲಿ ಹೊಂದಿಕೊಂಡರೆ, ಹಿಮ್ಮಡಿಯ ರಜ್ಜು ತಿಂಗಳುಗಳನ್ನು ಬೇಡುತ್ತದೆ. ಉಸಿರು ಹಗುರವಾಯಿತೆಂದು ದೂರವನ್ನು ಹೆಚ್ಚಿಸುವ ಮೂರನೆಯ ತಿಂಗಳೇ ಹೆಚ್ಚು ಜನ ಕುಂಟುವ ತಿಂಗಳು. ಎರಡು ಕಠಿನ ದಿನಗಳ ನಡುವೆ ತರುಣನಿಗೆ ಒಂದು ದಿನ ಸಾಕಾದರೆ ನಡುವಯಸ್ಕನಿಗೆ ಎರಡು ಮೂರು ಬೇಕು. ಊಟದಲ್ಲಿ ಹುರುಳಿ, ಬೇಳೆ, ಮೊಟ್ಟೆ, ಮೀನುಗಳ ಪಾಲು ಹೆಚ್ಚಬೇಕು. ಬರಿಯ ಅಕ್ಕಿರೊಟ್ಟಿ ಕಡುಬುಗಳಿಂದ ಸವೆದ ಸ್ನಾಯು ತುಂಬುವುದಿಲ್ಲ.

ಹೃದಯದ ಪ್ರಶ್ನೆಗೆ ಮರಳೋಣ. ಮ್ಯಾರಥಾನ್ ಓಡಬಲ್ಲವನಿಗೆ ಹೃದಯದ ರಕ್ತನಾಳಗಳ ರೋಗವೇ ತಟ್ಟದೆಂದು ೧೯೭೦ರ ದಶಕದಲ್ಲಿ ವೈದ್ಯರೊಬ್ಬರು ವಾದಿಸಿದ್ದುಂಟು. ಆ ವಾದ ನಿಲ್ಲಲಿಲ್ಲ. ಮೂವತ್ತೈದರಲ್ಲಿ ಸಿಗರೇಟು ಬಿಟ್ಟು ಓಡಲು ತೊಡಗಿ, ೧೯೭೭ರಲ್ಲಿ ಓಟವನ್ನು ಕುರಿತು ಪ್ರಸಿದ್ಧ ಪುಸ್ತಕ ಬರೆದ ಅಮೆರಿಕದ ಜಿಮ್ ಫಿಕ್ಸ್ ೧೯೮೪ರಲ್ಲಿ ಐವತ್ತೆರಡನೆಯ ವಯಸ್ಸಿನಲ್ಲಿ ಓಡುವ ಹಾದಿಯಲ್ಲಿಯೇ ತೀರಿಕೊಂಡರು. ಅವರ ತಂದೆಗೆ ನಲವತ್ತಮೂರರಲ್ಲಿಯೇ ಹೃದಯಾಘಾತವಾಗಿತ್ತು. ಓಟದ ವೇಗ ಹೆಚ್ಚಿದ್ದು ರಕ್ತನಾಳ ಶುದ್ಧವಾಗಿರುವುದಕ್ಕೆ ಸಾಕ್ಷಿಯಲ್ಲ. ಹಾಗೆಂದು ಓಟವನ್ನು ಬಿಟ್ಟವರ ನಿರ್ಣಯ ಸರಿಯೆ? ಅದೇ ೧೯೮೪ರಲ್ಲಿ ಸಿಯಾಟಲ್ ನಗರದಿಂದ ಬಂದ ಅಧ್ಯಯನದಲ್ಲಿ, ವ್ಯಾಯಾಮವೇ ಇಲ್ಲದ ಗಂಡಸು ಒಮ್ಮೆಲೇ ಬಿರುಸಾದ ಶ್ರಮಕ್ಕೆ ಇಳಿದ ಹೊತ್ತಿನಲ್ಲಿ ಹೃದಯ ನಿಲ್ಲುವ ಅಪಾಯ ೫೬ ಪಟ್ಟಾಯಿತು. ರೂಢಿಯಿದ್ದವನಿಗೆ ೫ ಪಟ್ಟು. ಶ್ರಮದ ಹೊತ್ತನ್ನೂ ವಿಶ್ರಾಂತಿಯ ಹೊತ್ತನ್ನೂ ಕೂಡಿಸಿದಾಗ ರೂಢಿಯಿದ್ದವನ ಒಟ್ಟು ಅಪಾಯ ಕುಳಿತವನದರ ನೂರಕ್ಕೆ ೪೦ ಪಾಲು ಮಾತ್ರ. ಅಂದಮೇಲೆ ಅಪಾಯವಿರುವುದು ಹಠಾತ್ತನೆ ತೊಡಗುವುದರಲ್ಲಿ. ದಕ್ಷಿಣ ಏಷ್ಯದ ಜನಕ್ಕೆ ಮೊದಲ ಹೃದಯಾಘಾತವು ಸರಾಸರಿ ೫೩ನೆಯ ವಯಸ್ಸಿನಲ್ಲಿ, ಇತರರಿಗಿಂತ ಐದಾರು ವರ್ಷ ಮುಂಚೆ, ಆಗುತ್ತದೆಂದು ಬಹುದೇಶೀಯ ಅಧ್ಯಯನವೊಂದು ತೋರಿಸಿದೆ. ಆದ್ದರಿಂದ ನಲವತ್ತು ದಾಟಿದವನು ಏರನ್ನು ಓಡಿ ಹತ್ತುವ ಮೊದಲು ರಕ್ತದ ಒತ್ತಡ, ಸಕ್ಕರೆ, ಕೊಬ್ಬುಗಳನ್ನು ಪರೀಕ್ಷಿಸಿಕೊಂಡು, ಮನೆತನದಲ್ಲಿ ಹೃದ್ರೋಗವಿದ್ದರೆ ಅದನ್ನು ವೈದ್ಯರಿಗೆ ತಿಳಿಸಿ, ಎರಡು ಮೂರು ತಿಂಗಳು ನಡಿಗೆಯಲ್ಲಿ ಕಳೆಯಲಿ. ಹತ್ತುವಾಗ ಎದೆ ಹಿಂಡಿದಂತಾಗಿ ನಿಂತೊಡನೆ ಶಮನವಾದರೆ ಅದನ್ನು ವಾಯುವೆಂದು ಬಗೆದು ಜೀರಿಗೆ ಕಷಾಯ ಕುಡಿದು ಸುಮ್ಮನಾಗಬಾರದು. ಆ ದಿನವೇ ವೈದ್ಯರನ್ನು ಕಾಣಬೇಕು.

ಋತುಗಳನ್ನು ಅನುಸರಿಸಿ ವರ್ಷವನ್ನು ಹಂಚಿಕೊಳ್ಳುವುದು ಈ ಸೀಮೆಯಲ್ಲಿ ಅನಿವಾರ್ಯ. ಆರಿದ್ರೆಯಿಂದ ಆಶ್ಲೇಷದವರೆಗೆ ಹಾನಬಾಳು, ಹೆತ್ತೂರು, ಬಿಸಿಲೆಗಳ ಕಡೆ ಹೊರಗೆ ಕಾಲಿಡುವುದೇ ಕಷ್ಟ. ಕೆಮ್ಮಣ್ಣು ಜಾರುತ್ತದೆ, ಇಂಬಳಗಳು ಕಾಲಿಗೆ ಹತ್ತುತ್ತವೆ. ಮಳೆ ಪೂರ್ವಕ್ಕೆ ಹೋದಂತೆ ಬೇಗ ಕಡಮೆಯಾಗುವುದರಿಂದ ಪಾಳ್ಯ, ಕುಂದೂರು ಕಡೆಯ ಕೆರೆ ಏರಿಗಳೂ ಸಣ್ಣ ದಿಣ್ಣೆಗಳೂ ಆಗ ಅನುಕೂಲ. ಮಳೆ ತೀರಿದ ಮೇಲಿನ ಕಾರ್ತಿಕ ಮಾರ್ಗಶಿರಗಳು ದೂರದ ಓಟಕ್ಕೆ ಹೇಳಿಮಾಡಿಸಿದ ಕಾಲ. ಆದರೆ ಗದ್ದೆಯಲ್ಲಿ ಭತ್ತ ತೆನೆಗಟ್ಟುವ ಕಾಲವೂ ಅದೇ. ಆನೆ ಬರುವ ಕಾಲವೂ ಅದೇ.

ಈ ಎರಡು ತಾಲ್ಲೂಕುಗಳಲ್ಲಿ ಆನೆಯ ಮಾತು ಉತ್ಪ್ರೇಕ್ಷೆಯಲ್ಲ. ಬೆಳಗಿನ ಜಾವ ಕೆಲಸಕ್ಕೆ ಹೊರಟ ತೋಟದ ಆಳುಗಳು ತುಳಿತಕ್ಕೆ ಸಿಕ್ಕಿ ಸತ್ತಿದ್ದಾರೆ. ದಸರೆಯ ಅಂಬಾರಿ ಹೊತ್ತ ಅರ್ಜುನನೆಂಬ ಆನೆಯೇ ೨೦೨೩ರ ಡಿಸೆಂಬರ್ ೪ರಂದು ಯಸಳೂರು ವಲಯದಲ್ಲಿ ಕಾಡಾನೆಯನ್ನು ಹಿಡಿಯುವ ಕಾರ್ಯಾಚರಣೆಯಲ್ಲಿ ಮಡಿಯಿತು. ಏಷ್ಯದ ಆನೆಯ ಓಟವನ್ನು ೨೦೦೩ರಲ್ಲಿ ಅಳೆದಾಗ ಗಂಟೆಗೆ ಸುಮಾರು ೨೫ ಕಿಲೋಮೀಟರು ಕಂಡುಬಂದಿತು. ೨೦೨೩ರಲ್ಲಿ ಷಿಕಾಗೊ ನಗರದಲ್ಲಿ ೨ ಗಂಟೆ ೦ ನಿಮಿಷ ೩೫ ಸೆಕೆಂಡಿನಲ್ಲಿ ಮ್ಯಾರಥಾನ್ ಮುಗಿಸಿದ ಕೆಲ್ವಿನ್ ಕಿಪ್ಟಮ್ ಓಡಿದ್ದು ಗಂಟೆಗೆ ೨೧ ಕಿಲೋಮೀಟರು. ಅಭ್ಯಾಸದಿಂದ ಪಡೆಯುವ ಸುಧಾರಣೆ ಈ ಒಂದು ಸ್ಪರ್ಧೆಯಲ್ಲಿ ಯಾರಿಗೂ ಉಪಯೋಗಕ್ಕೆ ಬರುವುದಲ್ಲ.

ಅದರಿಂದ, ನಸುಕಿನ ತಂಪು ಎಷ್ಟೇ ಕರೆಯಲಿ, ಕಾಡಿನ ಅಂಚಿನಲ್ಲಿಯೂ ಕಾಫಿ ತೋಟದ ಒಳಗೂ ಹೊತ್ತು ಚೆನ್ನಾಗಿ ಏರಿ ಮಂಜು ಕರಗುವ ಮುನ್ನ ಓಡಬಾರದು, ಒಬ್ಬನೇ ಓಡಬಾರದು, ಕಿವಿಗೆ ಸಂಗೀತದ ತಂತಿ ಸಿಕ್ಕಿಸಿಕೊಳ್ಳಬಾರದು. ಅರಣ್ಯ ಇಲಾಖೆಯವರು ಆನೆಯ ಗುಂಪು ಎಲ್ಲಿದೆಯೆಂದು ದೂರವಾಣಿಗೆ ಕಳುಹಿಸುವ ಸಂದೇಶಗಳನ್ನು ಹಿಂದಿನ ರಾತ್ರಿಯೂ ಹೊರಡುವ ಮುನ್ನವೂ ನೋಡಬೇಕು. ತೋಟದ ದಾರಿ ಖಾಸಗಿಯಾದ್ದರಿಂದ ಮಾಲೀಕರ ಅಪ್ಪಣೆ ಹೇಗೂ ಬೇಕು. ರೈಟರಿಗೋ ಮೇಸ್ತ್ರಿಗೋ ತಿಳಿಸಿ ಹೊರಡುವುದರಿಂದ ಇನ್ನೊಂದು ಲಾಭವುಂಟು. ಕಳೆದ ವರ್ಷದ ಮಾರ್ಗಶಿರದಲ್ಲಿ, ನಾನು ಬೂಟು ಬಿಗಿಯುತ್ತಿದ್ದಾಗ ವಯಸ್ಸಾದ ಮೇಸ್ತ್ರಿಯೊಬ್ಬರು ಬೇಲಿಯ ಆಚೆಯಿಂದ, "ಇವತ್ತು ಕೆಳಗಿನ ತೋಟಕ್ಕೆ ಇಳೀಬೇಡಿ ಮೇಷ್ಟ್ರೇ, ಒಂಟಿ ಸಲಗ ನಿಂತದೆ" ಎಂದು ಕೂಗಿ ಹೇಳಿದರು. ಇಲಾಖೆಯ ಸಂದೇಶ ಬಂದದ್ದು ಅರ್ಧ ಗಂಟೆಯ ತರುವಾಯ. ಆ ದಿನದ ಹದಿನಾರು ಕಿಲೋಮೀಟರನ್ನು ಶಾಲೆಯ ಮೈದಾನದಲ್ಲಿ ನಲವತ್ತು ಸುತ್ತು ಹಾಕಿ ಮುಗಿಸಿದೆ.